ಕರೆಂಟು ಬಂದ ಮೇಲೂ ಬುಟ್ಟಿ ಬಿಡದ ಹ್ಯಾಟೆ

ಘಟಪ್ರಭೆಯ ಧುಮುಕಿನ ಬಲದಿಂದ ಗೋಕಾಕ ಫಾಲ್ಸಿನ ನೂಲಿನ ಗಿರಣಿ ತಿರುಗತೊಡಗಿದ್ದು 1887ರಲ್ಲಿ. ಹಳ್ಳಿಗಳಿಗೆ ಕರೆಂಟು ಹಂಚಲೆಂದೇ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿದ್ದು 1969ರಲ್ಲಿ. ದೇಶದ ಮೊದಲ ಐದು ಇಂಥ ಸಂಘಗಳಲ್ಲಿ ಅದೂ ಒಂದು. ತತ್ತಿಗೆ ಕಾವು ಕೊಡುವ ಯಂತ್ರ ನಡೆಸಲು ಕರೆಂಟಿಲ್ಲದ್ದೊಂದೇ ಕಾರಣವಾಗಿದ್ದರೆ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಜವಾರಿ ಹ್ಯಾಟೆಯನ್ನು, ಅಂದರೆ ನಾಟಿ ಹೆಣ್ಣುಕೋಳಿಯನ್ನು, ಕಾವಿಗೆ ಕೂಡ್ರಿಸುವ ರೂಢಿ ಎಂದೋ ಅಳಿಯಬೇಕಿತ್ತು. ಅಳಿಯಲಿಲ್ಲ. ಅದು ಬಡತನದ ಅನಿವಾರ್ಯತೆ ಎನ್ನುವವರು ಅರ್ಧ ಕೆಲಸವನ್ನಷ್ಟೇ ನೋಡಿದ್ದಾರೆ ಎಂಬುದು ನನ್ನ ವಾದ. ಯಂತ್ರದ ಕೆಲಸ 21ನೆಯ ದಿನಕ್ಕೆ ಮುಗಿಯುತ್ತದೆ. ಹ್ಯಾಟೆಯ ಕೆಲಸದ ದೊಡ್ಡ ಪಾಲು ಶುರುವಾಗುವುದೇ ಅಂದಿನಿಂದ.

ಮನೆಯ ಕತ್ತಲ ಮೂಲೆಯಲ್ಲೊಂದು ಬುಟ್ಟಿ, ಅದರಲ್ಲಿ ಒಣಹುಲ್ಲು, ಹತ್ತು ಹನ್ನೆರಡು ತತ್ತಿ. ಹ್ಯಾಟೆ ಕೊಕ್ಕಿನಿಂದ ಅವನ್ನು ಹೊರಳಿಸುತ್ತ, ಅಂಚಿನದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ದಿನಕ್ಕೊಮ್ಮೆ ಎದ್ದು ಕಾಳು ತಿಂದು, ನೀರು ಕುಡಿದು, ತತ್ತಿ ಆರುವ ಮೊದಲೇ ಮರಳುತ್ತದೆ. ಒಡೆಯುವ ಮುನ್ನಾದಿನವೇ ಒಳಗಿನ ಮರಿ ಚಿಂವ್ ಎಂದರೆ ತಾಯಿ ಕೆಳದನಿಯಲ್ಲಿ ಓಗೊಡುತ್ತದೆ. ಹೊರಬಂದ ಮರಿಯ ಹೊಟ್ಟೆಯಲ್ಲಿ ತತ್ತಿಯ ಹಳದಿ ಇನ್ನೂ ಒಂದೆರಡು ದಿನಕ್ಕಾಗುವಷ್ಟು ಉಳಿದಿರುತ್ತದೆ; ಹಾಗಾಗಿ ತಡವಾದ ತತ್ತಿಗಳಿಗಾಗಿ ತಾಯಿ ಬುಟ್ಟಿಯಲ್ಲೇ ಕಾಯಬಲ್ಲದು. ಆಮೇಲೆ ತಿಪ್ಪೆ ಕೆದರಿ ಹುಳು ತೋರಿಸಬೇಕು, ಹದ್ದು ಕಂಡರೆ ಕೂಗಿ ಎಚ್ಚರಿಸಬೇಕು, ರಾತ್ರಿ ರೆಕ್ಕೆಯಡಿ ಬೆಚ್ಚಗಿಡಬೇಕು. ಯಂತ್ರದಿಂದ ಬಂದ ಮರಿಗೆ ಇಷ್ಟಕ್ಕೂ ಬಲ್ಬು, ಕೊಂಡ ಆಹಾರ, ಬಲೆ, ಜೊತೆಗೊಬ್ಬರು ಆಳು ಬೇಕು.

ಕಾವಿಗೆ ಕೂತ ಹ್ಯಾಟೆ ತತ್ತಿ ಇಡುವುದನ್ನು ನಿಲ್ಲಿಸುತ್ತದಲ್ಲ, ಅದು ನಷ್ಟವಲ್ಲವೇ ಎನ್ನಬಹುದು. ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ತತ್ತಿ ಇಟ್ಟರೆ ಜವಾರಿಯದು ಐವತ್ತು ಅರವತ್ತು. ಲೆಕ್ಕ ಸರಿಯೇ, ಆದರೆ ಅದು ತತ್ತಿ ಮಾರುವವರ ಲೆಕ್ಕ. ಕಣದಲ್ಲಿ ಚೆಲ್ಲಿದ ಜೋಳ, ಅಂಗಳದ ಹುಳುಹುಪ್ಪಟೆ ತಿಂದು ಬೆಳೆದ ಮರಿ ಸಂತೆಯ ದಿನ ಮನೆಯ ಹೆಣ್ಣುಮಗಳ ಕೈಗೆ ಕಾಸಾಗುತ್ತದೆ. ಆ ಕಾಸಿಗೆ ಹೂಡಿದ ಬಂಡವಾಳ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕೊಕ್ಕರೆ ರೋಗದ್ದು. ಅದು ಹೊಕ್ಕರೆ ಇಡೀ ಹಿಂಡು ಹೋಗುತ್ತದೆ, ತಾಯಿಯ ರೆಕ್ಕೆ ಅದನ್ನು ತಡೆಯದು. ಆದರೆ ಲಸಿಕೆ ಇಲ್ಲದಿದ್ದರೆ ಯಂತ್ರದ ಮರಿಯೂ ಸಾಯುತ್ತದೆ. ಆದ್ದರಿಂದ ಕೇಳಬೇಕಾದದ್ದು ಹಳ್ಳಿಗೆ ಲಸಿಕೆ ಮುಟ್ಟಿಸಿ ಎಂದೇ ಹೊರತು ಹ್ಯಾಟೆಯನ್ನು ಬಿಡಿ ಎಂದಲ್ಲ.

ಹ್ಯಾಟೆಗೆ ನಿಜವಾದ ಕುತ್ತು ಬಂದದ್ದು ತಳಿಯಿಂದ. ಹೆಚ್ಚು ತತ್ತಿಗಾಗಿ ಆರಿಸುತ್ತ ಹೋದಂತೆ ಕಾವು ಕೂರುವ ಗುಣವೇ ಕಳೆಯುತ್ತದೆ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹಿತ್ತಿಲಿಗೆಂದೇ ಬಂದ ಕೋಳಿ, ಮೈಯೂ ತುಂಬಿರುತ್ತದೆ. ಆದರೆ ಅದು ಕಾವಿಗೆ ಕೂರುವುದು ಅಪರೂಪ. ಯಂತ್ರವಿಲ್ಲದ ಮನೆಯಲ್ಲಿ ಗಿರಿರಾಜದ ಮರಿ ಬೇಕೆಂದರೆ, ಅದರ ತತ್ತಿಯನ್ನು ಜವಾರಿ ಹ್ಯಾಟೆಯ ಬುಟ್ಟಿಯಲ್ಲೇ ಇಡಬೇಕು.