ಗುಮಾಸ್ತರೋ, ರಕ್ಷಕರೋ? ಅಮೆರಿಕದ ತುರ್ತು ಕರೆಯ ನೌಕರರ ಸ್ಥಾನವಿಚಾರ

೧೯೬೮ನೆಯ ಇಸವಿ ಫೆಬ್ರವರಿ ೧೬ರಂದು ಅಮೆರಿಕದ ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಚಿಕ್ಕ ಊರಿನ ಪುರಭವನದಿಂದ, ಆ ರಾಜ್ಯದ ಶಾಸನಸಭೆಯ ಅಧ್ಯಕ್ಷರಾದ ರ್‍ಯಾಂಕಿನ್ ಫೈಟ್ ಎಂಬವರು ೯೧೧ ಎಂಬ ಸಂಖ್ಯೆಗೆ ಫೋನು ಮಾಡಿದರು. ಅದೇ ಊರಿನ ಪೋಲೀಸು ಠಾಣೆಯಲ್ಲಿ ಕಾಂಗ್ರೆಸ್ ಸದಸ್ಯರಾದ ಟಾಮ್ ಬೆವಿಲ್ ಫೋನನ್ನೆತ್ತಿ ‘ಹಲೋ’ ಎಂದರು. ಠಾಣೆಯಲ್ಲಿ ಅಂದು ಬುಲ್ ಕಾನರ್ ಕೂಡ ಹಾಜರಿದ್ದನು. ೧೯೬೩ರಲ್ಲಿ ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ಸಮಾನ ಹಕ್ಕುಗಳನ್ನು ಕೇಳಿದ ಕಪ್ಪು ಜನರ ಮೇಲೆ ನಾಯಿಗಳನ್ನೂ ಬೆಂಕಿಯಾರಿಸುವ ನೀರಿನ ಕೊಳವೆಗಳನ್ನೂ ಬಿಡಿಸಿದವನೇ ಈತ! ಸಾರ್ವಜನಿಕ ರಕ್ಷಣೆಯ ಹೊಸ ವ್ಯವಸ್ಥೆಯೊಂದಕ್ಕೆ ಇಂಥ ಸಾಕ್ಷಿ ಒದಗಿದುದು ವಿಚಿತ್ರವೇ ಸರಿ. ಅದಿರಲಿ. ಸಮಾರಂಭ ಮುಗಿದು ಗಣ್ಯರು ಹೊರಟುಹೋದ ಮೇಲೆ ಆ ಫೋನನ್ನು ಹಗಲಿರುಳೂ ಎತ್ತಬೇಕಾದವರನ್ನು ಕಾನೂನು ಏನೆಂದು ಪರಿಗಣಿಸಿತು ಎಂಬುದೇ ನಮ್ಮ ಪ್ರಸ್ತುತ ವಿಷಯ.

ಎಲ್ಲ ಆಪತ್ತುಗಳಿಗೂ ಒಂದೇ ಸಂಖ್ಯೆಯೆಂಬ ಪದ್ಧತಿ ಅಮೆರಿಕದಲ್ಲಿ ಹುಟ್ಟಿದುದಲ್ಲ. ೧೯೩೫ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ನೆರೆಯವನೊಬ್ಬನು ಅಗ್ನಿಶಾಮಕ ದಳಕ್ಕೆ ಫೋನು ಮಾಡಲೆತ್ನಿಸಿದಾಗ, ಅವನ ಕರೆಯೂ ಎಕ್ಸ್‌ಚೇಂಜಿನ ಸಾಮಾನ್ಯ ಕರೆಗಳ ಸಾಲಿನಲ್ಲಿಯೇ ಕಾಯಬೇಕಾಯಿತು. ಆತನು ಪತ್ರಿಕೆಗೆ ಬರೆದ ದೂರು ವಿಚಾರಣೆಗೆ ಕಾರಣವಾಗಿ, ೧೯೩೭ರ ಜೂನ್ ೩೦ರಂದು ಲಂಡನ್ನಿನಲ್ಲಿ ೯೯೯ ಎಂಬ ಸಂಖ್ಯೆ ಜಾರಿಗೆ ಬಂದಿತು.

ತಂತಿಯ ನಡುವೆ ಕುಳಿತವರ ಪದವಿಯ ಪ್ರಶ್ನೆಯಾದರೋ ಅಮೆರಿಕದಲ್ಲಿ ಇದಕ್ಕೂ ಮುಂಚೆಯೇ, ಯುದ್ಧರಂಗದಲ್ಲಿ ತಲೆದೋರಿದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಜನರಲ್ ಪರ್ಷಿಂಗ್, ಫ್ರೆಂಚ್ ಹಾಗೂ ಇಂಗ್ಲಿಷ್ ಎರಡನ್ನೂ ಬಲ್ಲ ಟೆಲಿಫೋನ್ ಆಪರೇಟರುಗಳು ಬೇಕೆಂದು ಕೇಳಿದನು. ೧೯೧೮ರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ತರುಣಿಯರು ಸೈನ್ಯದ ಪ್ರತಿಜ್ಞೆಯನ್ನು ಸ್ವೀಕರಿಸಿ, ಸಮವಸ್ತ್ರ ತೊಟ್ಟು ಸಮುದ್ರ ದಾಟಿದರು. ಮುನ್ನಡೆಯ ಆಜ್ಞೆಯಾಗಲಿ ಫಿರಂಗಿಗಳಿಗೆ ಕೊಡುವ ಸೂಚನೆಯಾಗಲಿ ಅವರ ಸ್ವಿಚ್‌ಬೋರ್ಡುಗಳ ಮೂಲಕವೇ ಹಾಯುತ್ತಿದ್ದಿತು. ಸೂಯಿ ಎಂಬಲ್ಲಿ ತಮ್ಮ ಶಿಬಿರಕ್ಕೆ ಬೆಂಕಿ ಬಿದ್ದಾಗಲೂ, ಮೇಲಧಿಕಾರಿಗಳು ಶಿಕ್ಷೆಯ ಬೆದರಿಕೆ ಹಾಕುವವರೆಗೆ ಅವರು ಬೋರ್ಡುಗಳನ್ನು ಬಿಟ್ಟೇಳಲಿಲ್ಲ. ಅವರ ಮುಖ್ಯಸ್ಥೆಯಾದ ಗ್ರೇಸ್ ಬ್ಯಾಂಕರಳಿಗೆ ವಿಶಿಷ್ಟ ಸೇವಾ ಪದಕವೂ ದೊರೆಯಿತು. ಆದರೆ ಯುದ್ಧ ಮುಗಿದು ಸೇವಾವಿಮೋಚನೆಯ ಪತ್ರವನ್ನು ಬೇಡಿದಾಗ ಸರ್ಕಾರವು, ‘ನೀವು ಸೈನಿಕರಲ್ಲ, ಗುತ್ತಿಗೆಯ ನೌಕರರು’ ಎಂದು ಹೇಳಿತು. ಪದಕ ಪಡೆದವಳು ಸೈನಿಕಳಲ್ಲ! ಮೆರ್ಲ್ ಈಗನ್ ಆಂಡರ್ಸನ್ ಎಂಬಾಕೆ ಈ ಅನ್ಯಾಯದ ವಿರುದ್ಧ ದಶಕಗಳ ಕಾಲ ಹೋರಾಡಿದಳು. ೧೯೭೭ರಲ್ಲಿ ಅಧ್ಯಕ್ಷ ಕಾರ್ಟರರ ಸಹಿಯಿಂದ ಅವರಿಗೆ ಮಾಜಿ ಸೈನಿಕರ ಪದವಿ ಲಭಿಸಿತು. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ತೀರಿಹೋಗಿದ್ದರು.

ಆ ಹಳೆಯ ಪ್ರಶ್ನೆಗೆ ಉತ್ತರ ದೊರೆಯುವುದಕ್ಕೆ ಒಂದೇ ವರ್ಷ ಮುಂಚೆ ಅದೇ ಪ್ರಶ್ನೆ ಹೊಸ ವೇಷದಲ್ಲಿ ಹುಟ್ಟಿತೆಂಬುದು ಗಮನಾರ್ಹ. ೧೯೭೬ರಲ್ಲಿ ಸಾರ್ವಜನಿಕ ರಕ್ಷಣಾಧಿಕಾರಿಗಳ ಪರಿಹಾರ ಕಾಯಿದೆಯು ಅಂಗೀಕೃತವಾಯಿತು. ಕರ್ತವ್ಯದಲ್ಲಿ ಮಡಿದ ಅಧಿಕಾರಿಯ ಕುಟುಂಬಕ್ಕೆ ೫೦,೦೦೦ ಡಾಲರುಗಳನ್ನು ಕೊಡಬೇಕೆಂಬುದು ಅದರ ವಿಧಿ. ‘ಅಧಿಕಾರಿ’ ಎಂದರೆ ಪೋಲೀಸಿನವನು ಮತ್ತು ಬೆಂಕಿಯಾರಿಸುವವನು. ಇಷ್ಟೇ ಅಂದಿನ ಅರ್ಥ. ೧೯೮೬ರಲ್ಲಿ ಆಂಬುಲೆನ್ಸಿನವರು ಸೇರಿದರು. ೨೦೦೧ರ ಸೆಪ್ಟೆಂಬರ್ ೧೧ರ ದುರಂತದಲ್ಲಿ ನ್ಯೂಯಾರ್ಕಿನ ಅಗ್ನಿಶಾಮಕ ದಳದ ಪಾದ್ರಿಯಾದ ಮೈಕಲ್ ಜಡ್ಜ್ ಮಡಿದ ತರುವಾಯ, ೨೦೦೨ರ ತಿದ್ದುಪಡಿಯಿಂದ ಪಾದ್ರಿಗಳೂ ಸೇರಿದರು. ಅದು ಉಚಿತವೇ. ಆದರೆ ಈ ವಿಸ್ತಾರಗಳಲ್ಲೆಲ್ಲ ಕಾಯಿದೆಯು ಆಪತ್ತಿನ ಸ್ಥಳದಲ್ಲಿ ಯಾರ ದೇಹ ನಿಂತಿದೆಯೆಂಬುದನ್ನು ನೋಡಿತೇ ಹೊರತು, ಅಲ್ಲಿಗೆ ಯಾರ ಕಿವಿ ಮೊದಲು ತಲುಪಿತೆಂಬುದನ್ನು ನೋಡಲಿಲ್ಲ.

ಇತ್ತ ಕೆಲಸದ ಸ್ವರೂಪವೇ ಬದಲಾಗುತ್ತ ಬಂದಿತ್ತು. ೧೯೭೦ರ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ನಗರದ ವೈದ್ಯ ಜೆಫ್ ಕ್ಲಾಸನ್, ಕರೆ ಮಾಡಿದವನನ್ನು ಯಾವ ಕ್ರಮದಲ್ಲಿ ಪ್ರಶ್ನಿಸಬೇಕು, ಆಂಬುಲೆನ್ಸು ಬರುವ ತನಕ ಏನು ಮಾಡಿಸಬೇಕು ಎಂಬ ಸೂಚನಾವಳಿಯನ್ನು ಸಿದ್ಧಪಡಿಸಿದರು. ೧೯೮೦ರ ದಶಕದ ಆರಂಭದಲ್ಲಿ ಸಿಯಾಟಲ್ ಪಟ್ಟಣವಿರುವ ಕಿಂಗ್ ಕೌಂಟಿಯಲ್ಲಿ, ಹೃದಯ ನಿಂತವರ ಎದೆಯನ್ನೊತ್ತುವ ವಿಧಾನವನ್ನು ಫೋನಿನಲ್ಲಿಯೇ ಹೇಳಿಕೊಡಲಾರಂಭಿಸಿದರು. ಸಂಪರ್ಕ ಜೋಡಿಸುವ ಕೈ ಹೀಗೆ ಚಿಕಿತ್ಸೆಯ ಮೊದಲ ಕೈಯಾಯಿತು.

ಈ ಹಿನ್ನೆಲೆಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವೃತ್ತಿಗಳ ಪಟ್ಟಿಯನ್ನು ನೋಡಬೇಕು. ೨೦೧೮ರಲ್ಲಿ ಪರಿಷ್ಕೃತವಾದ ಈ ಪಟ್ಟಿಯಲ್ಲಿ ರಕ್ಷಣಾ ವೃತ್ತಿಗಳ ವರ್ಗವೊಂದುಂಟು. ಪೋಲೀಸರೊಡನೆ ಅಲ್ಲಿ ಈಜುಕೊಳದ ಕಾವಲುಗಾರರೂ, ಬೀದಿನಾಯಿ ಮೊದಲಾದ ಪ್ರಾಣಿಗಳನ್ನು ಹಿಡಿಯುವವರೂ, ಜೂಜುಕಟ್ಟೆಗಳ ಮೇಲ್ವಿಚಾರಕರೂ, ತಪ್ಪಾಗಿ ನಿಲ್ಲಿಸಿದ ಕಾರುಗಳಿಗೆ ಚೀಟಿ ಅಂಟಿಸುವವರೂ ಇದ್ದಾರೆ. ೯೧೧ರ ನೌಕರರು ಮಾತ್ರ ಇಲ್ಲ. ಅವರಿರುವುದು ಕಚೇರಿ ಗುಮಾಸ್ತರ ವರ್ಗದಲ್ಲಿ. ಟ್ಯಾಕ್ಸಿ, ಲಾರಿಗಳನ್ನು ಕಳುಹಿಸಿಕೊಡುವವರ ಪಕ್ಕದಲ್ಲಿ. ಆ ಪರಿಷ್ಕರಣದಲ್ಲಿ ಅವರಿಗೆ ‘ಸಾರ್ವಜನಿಕ ರಕ್ಷಣಾ ದೂರಸಂಪರ್ಕಕಾರರು’ ಎಂಬ ಹೊಸ ಹೆಸರನ್ನು ಕೊಟ್ಟರು, ಸ್ಥಾನವನ್ನು ಕೊಡಲಿಲ್ಲ. ಬೇಡಿಕೆಯನ್ನು ತಳ್ಳಿದ ಸಮಿತಿಯು, ವೃತ್ತಿಯನ್ನು ಮಾಡುವ ಕೆಲಸದಿಂದಲೇ ನಿರ್ಣಯಿಸಬೇಕೆಂದೂ, ಇವರಲ್ಲಿ ಬಹುಪಾಲು ಜನರಿಗೆ ಫೋನಿನಲ್ಲಿ ಸಲಹೆ ಕೊಡುವುದಕ್ಕಾಗಲಿ ಉಪಚಾರದ ಕ್ರಮವನ್ನು ಹೇಳಿಕೊಡುವುದಕ್ಕಾಗಲಿ ಅನುಮತಿಯಿಲ್ಲವೆಂದೂ ಕಾರಣ ಕೊಟ್ಟಿತು. ಸಮಿತಿಯ ಸೂತ್ರ ನ್ಯಾಯವಾದುದೇ. ಅಂಕಿಸಂಖ್ಯೆಗಳ ಪಟ್ಟಿಯು ಗೌರವ ಹಂಚುವ ದರಬಾರಲ್ಲ. ಆದರೆ ಸೂತ್ರವನ್ನು ಅನ್ವಯಿಸಿದ ವಾಸ್ತವಾಂಶವು ನಾಲ್ಕು ದಶಕಗಳಷ್ಟು ಹಳೆಯದು.

ದೂರದಲ್ಲಿ ಕುಳಿತವನಿಗೆ ಅಪಾಯವೇನು ಎಂಬ ಆಕ್ಷೇಪವೂ ಉಂಟು. ಮಿಶೆಲ್ ಲಿಲ್ಲಿ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನವು ೨೪ ರಾಜ್ಯಗಳ ೧೭೧ ಮಂದಿ ಇಂಥ ನೌಕರರನ್ನು ಪರಿಶೀಲಿಸಿ, ಘಟನಾಸ್ಥಳದಲ್ಲಿ ಇಲ್ಲದಿದ್ದರೂ ಮನಸ್ಸಿಗೆ ಆಘಾತವಾಗುವುದುಂಟೆಂದು ತೋರಿಸಿತು. ಆದರೆ ನಾರ್ಮಾ ಟೋರಸ್ ಅವರ ಅನುಭವವು ಅಂಕಿಗಳಿಗಿಂತ ಸ್ಪಷ್ಟವಾಗಿ ಮಾತಾಡುತ್ತದೆ. ಗ್ವಾಟೆಮಾಲಾದಲ್ಲಿ ಹುಟ್ಟಿದ ಈಕೆ ಲಾಸ್ ಏಂಜಲೀಸ್ ಪೋಲೀಸಿನಲ್ಲಿ ೯೧೧ರ ಕೆಲಸದಲ್ಲಿದ್ದರು. ಸ್ಪ್ಯಾನಿಷ್ ಬಲ್ಲ ನೌಕರರು ಸಾಲದೆ, ಹನ್ನೊಂದು ವರ್ಷದ ಹುಡುಗಿಯೊಬ್ಬಳ ಕರೆ ಸುಮಾರು ಇಪ್ಪತ್ತು ನಿಮಿಷ ಸಾಲಿನಲ್ಲಿ ಉಳಿಯಿತು. ಕಡೆಗೆ ಫೋನನ್ನೆತ್ತಿದ ಟೋರಸ್ ಕೇಳಿದುದು ಆ ಮಗುವಿನ ಚೀತ್ಕಾರವನ್ನು, ಅದರ ಬೆನ್ನಿಗೇ ಗುಂಡಿನ ಸದ್ದನ್ನು. ಎರಡು ಭಾಷೆ ಬಲ್ಲ ನೌಕರರು ಬೇಕೆಂದು ಅವರು ನಡೆಸಿದ ಚಳವಳಿಯೇ ಅವರನ್ನು ರಾಜಕೀಯಕ್ಕೆ ಎಳೆದು ತಂದಿತು. ಪರಭಾಷೆಯ ನಗರಗಳಲ್ಲಿ ಬಾಳುತ್ತಿರುವ ನಮಗೆ ಈ ಪ್ರಸಂಗಕ್ಕೆ ವ್ಯಾಖ್ಯಾನ ಬೇಕಿಲ್ಲ. ನಮ್ಮ ಮನೆಗಳಲ್ಲಿಯೂ ಕನ್ನಡವೊಂದನ್ನೇ ಬಲ್ಲ ಅಜ್ಜಿಯರಿದ್ದಾರೆ.

ಕಾಂಗ್ರೆಸ್ ಸದಸ್ಯೆಯಾದ ಮೇಲೆ ಟೋರಸ್ ೨೦೧೯ರಲ್ಲಿ, ಈ ನೌಕರರನ್ನು ರಕ್ಷಣಾ ವರ್ಗಕ್ಕೆ ಸೇರಿಸಬೇಕೆಂಬ ಮಸೂದೆಯನ್ನು ತಂದರು; ಅದನ್ನು ಮುಂದೆಯೂ ಮತ್ತೆ ಮಂಡಿಸಬೇಕಾಯಿತು. ರಾಜ್ಯಗಳು ಕೇಂದ್ರಕ್ಕಾಗಿ ಕಾಯಲಿಲ್ಲ. ೨೦೧೯ರಲ್ಲಿ ಟೆಕ್ಸಾಸ್, ೨೦೨೦ರಲ್ಲಿ ಕ್ಯಾಲಿಫೋರ್ನಿಯಾ ತಮ್ಮ ಶಾಸನಗಳಲ್ಲಿ ಇವರನ್ನು ಆಪತ್ತಿಗೆ ಮೊದಲು ಒದಗುವವರ ಸಾಲಿಗೆ ಸೇರಿಸಿಕೊಂಡವು. ಇದರಿಂದ ಟೆಕ್ಸಾಸಿನಲ್ಲಿ ರಾತ್ರಿಪಾಳಿಯಲ್ಲಿ ಕುಳಿತ ನೌಕರಳೊಬ್ಬಳು ತನ್ನ ರಾಜ್ಯದ ಶಾಸನದಂತೆ ರಕ್ಷಕಳಾದಳು. ೨೦೧೮ರ ಕೇಂದ್ರದ ಪಟ್ಟಿಯಂತೆ ಗುಮಾಸ್ತಳಾಗಿಯೇ ಉಳಿದಳು.