ತೆರೆಯ ಮೇಲಿನ ಮೃತರು

1956ನೆಯ ಇಸವಿಯ ಸೆಪ್ಟೆಂಬರ್ 30ರಂದು ಅಲ್ಜೀರ್ಸ್ ನಗರದ 'ಮಿಲ್ಕ್ ಬಾರ್' ಎಂಬ ಉಪಾಹಾರಗೃಹದಲ್ಲಿ ಬಾಂಬು ಸಿಡಿಯಿತು. ಅದನ್ನಿರಿಸಿ ಹೋದವಳು ಅಲ್ಜೀರಿಯದ ವಿಮೋಚನಾರಂಗದ ತರುಣಿ ಜೊಹ್ರಾ ದ್ರಿಫ್. ಹಿಂದಿನ ಆಗಸ್ಟ್ 10ರಂದು ಕಸ್ಬಾದ ಥೀಬ್ಸ್ ಬೀದಿಯಲ್ಲಿ ಫ್ರೆಂಚ್ ವಸಾಹತುಗಾರರಲ್ಲಿನ ಉಗ್ರರು ನಡೆಸಿದ ಸ್ಫೋಟಕ್ಕೆ ಇದು ಪ್ರತೀಕಾರವಾಗಿದ್ದಿತು.

ಹತ್ತು ವರ್ಷಗಳ ತರುವಾಯ ಇಟಲಿಯ ಜಿಲ್ಲೊ ಪೊಂಟೆಕೊರ್ವೊ ಈ ವೃತ್ತಾಂತವನ್ನು 'ಅಲ್ಜೀರ್ಸ್ ಕದನ' ಎಂಬ ಚಿತ್ರದಲ್ಲಿ ತೆರೆಗೆ ತಂದನು. ಬಾಂಬುಗಾರರ ನಾಯಕನಾಗಿದ್ದ ಸಾದಿ ಯಾಸೆಫನೇ ಅದರ ನಿರ್ಮಾಪಕರಲ್ಲೊಬ್ಬ, ನಟನೂ ಹೌದು. ಇಂತಹ ಚಿತ್ರದಿಂದ ನಾವು ಪಕ್ಷಪಾತವನ್ನಲ್ಲದೆ ಬೇರೇನನ್ನು ನಿರೀಕ್ಷಿಸಬೇಕು? ಆದರೆ ಸ್ಫೋಟಕ್ಕೆ ಮುನ್ನ ಕ್ಯಾಮೆರಾ ಅಲ್ಲಿ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಸಾಗುತ್ತದೆ. ಐಸ್‌ಕ್ರೀಮು ಮೆಲ್ಲುವ ಮಗುವೊಂದನ್ನೂ ಕಾಣಿಸುತ್ತದೆ. ಬಾಂಬಿರಿಸಲು ಬಂದವಳೂ ಅವರನ್ನೇ ನೋಡುತ್ತಾಳೆ. ಥೀಬ್ಸ್ ಬೀದಿಯ ಹೆಣಗಳಿಗೆ ಹಿನ್ನೆಲೆಯಾದ ಸಂಗೀತವೇ ಇಲ್ಲಿನ ಹೆಣಗಳಿಗೂ ಕೇಳಿಬರುತ್ತದೆ. ನಿರ್ದೇಶಕನ ಒಲವು ಯಾವ ಕಡೆಗೆಂಬುದು ಗುಟ್ಟೇನಲ್ಲ. ಆದರೂ ಶೋಕವನ್ನು ಅವನು ಪಾಲುಮಾಡಲಿಲ್ಲ. ಚಿತ್ರದ ಹಿರಿಮೆಯನ್ನು ನಾನು ಕಾಣುವುದು ಇಲ್ಲಿಯೇ. ವೆನಿಸ್ಸಿನ ಸ್ವರ್ಣಸಿಂಹ ಪ್ರಶಸ್ತಿಯಲ್ಲಲ್ಲ. (ವಾರ್ತಾಚಿತ್ರದಂತೆ ತೋರುವ ಈ ಕೃತಿಯಲ್ಲಿ ವಾರ್ತಾಚಿತ್ರದ ಒಂದಡಿ ಸುರುಳಿಯೂ ಇಲ್ಲ.)

ಕೊರತೆಯೂ ಉಂಟು. ಯಾಸೆಫನ ಸಂಗಾತಿಗಳಿಗೆ ಚಿತ್ರದಲ್ಲಿ ಹೆಸರಿದೆ, ಪೂರ್ವಕಥೆಯಿದೆ. ಉಪಾಹಾರಗೃಹದಲ್ಲಿ ಮಡಿದವರಿಗಾದರೋ ಮುಖ ಮಾತ್ರ. ಆ ಬಳಿಕ ಅವರ ಮನೆಗಳಲ್ಲಿ ಏನಾಯಿತೆಂದು ಚಿತ್ರ ವಿಚಾರಿಸುವುದಿಲ್ಲ. ಅಂದು ಅಲ್ಲಿದ್ದ ಐದು ವರ್ಷದ ಬಾಲಿಕೆಯೊಬ್ಬಳು ಅಜ್ಜಿಯನ್ನೂ ತನ್ನ ಒಂದು ಕಾಲನ್ನೂ ಕಳೆದುಕೊಂಡಳು. ಅವಳು 2012ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದಳು. ಅದು ಪತ್ರರೂಪದ್ದು, ಬರೆದಿರುವುದು ಜೊಹ್ರಾ ದ್ರಿಫಳಿಗೆ.