ಅಟ್ಟದ ಕೊಬ್ಬರಿ, ಪೆಟ್ಟಿಗೆಯ ಷೇರು

ಬಿಳಿಗೆರೆಯಿಂದ ತಿಪಟೂರು, ಅಲ್ಲಿಂದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿರುವ ನಮ್ಮ ತೆಂಗಿನ ಸೀಮೆಯ ರೈತ ಒಂದು ಪ್ರಶ್ನೆಯನ್ನು ಸದಾ ಹೊತ್ತು ತಿರುಗುತ್ತಾನೆ: ಈಗಲೇ ಮಾರುವುದೋ, ಇನ್ನಷ್ಟು ದಿನ ಕಾಯುವುದೋ? ಕಿತ್ತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪಿನಿಂದ ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಸದ್ದಾಗಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಅಷ್ಟರಲ್ಲಿ ಮಾರುಕಟ್ಟೆ ಏನಾಗಿರುತ್ತದೋ ಯಾರೂ ಹೇಳಲಾರರು. 2023ರಲ್ಲಿ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ 8,000 ರೂಪಾಯಿಯ ಆಸುಪಾಸಿಗೆ ಇಳಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಇಳಿದ ಬೆಲೆಗೆ ಮಾರಿದವರೆಲ್ಲ ದಡ್ಡರಲ್ಲ. ಮಗಳ ಮದುವೆ, ಸೊಸೈಟಿಯ ಸಾಲ, ಮಕ್ಕಳ ಶುಲ್ಕ ಅವರನ್ನು ಕಾಯಲು ಬಿಡಲಿಲ್ಲ.

ಕಂಪೆನಿಯೊಂದರ ನಾಲ್ಕಾರು ಷೇರುಗಳನ್ನು ಪೆಟ್ಟಿಗೆಯಲ್ಲಿಟ್ಟ ಸಾಮಾನ್ಯ ಮನುಷ್ಯನ ಪ್ರಶ್ನೆಯೂ ಇದೇ. ಷೇರು ಎಂದರೆ ಜೂಜು ಎಂದು ದೂರ ಸರಿಯುವವರು ನಮ್ಮಲ್ಲಿದ್ದಾರೆ. ಷೇರು ಎಂದರೆ ರಾತ್ರೋರಾತ್ರಿ ಕೋಟಿ ಎಂದು ನುಗ್ಗುವವರೂ ಇದ್ದಾರೆ. ಇತಿಹಾಸ ಹೇಳುವುದು ಇವೆರಡನ್ನೂ ಅಲ್ಲ. ಅದನ್ನು ತಿಳಿಯಲು ತೆಂಗಿನ ಸೀಮೆಯಿಂದ ಕಡಲೆಕಾಯಿಯ ಸೀಮೆಗೆ, ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಲ್ನೇರ್ ಎಂಬ ಸಣ್ಣ ಊರಿಗೆ ಹೋಗಬೇಕು. ಬೆಂಗಳೂರಿನ ವಿಪ್ರೊ ಕಂಪೆನಿಯ ಬೇರು ಇರುವುದು ಅಲ್ಲಿ.

ಎಣ್ಣೆ ಗಿರಣಿಯ ಒಡೆಯರು

1945ರ ಡಿಸೆಂಬರ್ 29ರಂದು ಬೊಂಬಾಯಿಯ ಗುಜರಾತಿ ಮುಸ್ಲಿಂ ವ್ಯಾಪಾರಿ ಮುಹಮ್ಮದ್ ಹುಸೈನ್ ಹಾಶಮ್ ಪ್ರೇಮ್‌ಜಿಯವರು ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಲಿಮಿಟೆಡ್ ಎಂಬ ಕಂಪೆನಿಯನ್ನು ನೋಂದಾಯಿಸಿದರು. ಅಮಲ್ನೇರ್‌ನ ಗಿರಣಿಯಲ್ಲಿ ಕಡಲೆಕಾಯಿ ಎಣ್ಣೆಯಿಂದ ವನಸ್ಪತಿ ತಯಾರಾಗುತ್ತಿತ್ತು, ಅದರ ಉಪ ಉತ್ಪನ್ನದಿಂದ ಬಟ್ಟೆ ಸಾಬೂನು. 1946ರಲ್ಲಿ ಕಂಪೆನಿ ಸಾರ್ವಜನಿಕರಿಗೆ ಷೇರು ನೀಡಿತು. ಊರಿನ ವರ್ತಕರು, ರೈತರು, ನೌಕರರು ಒಂದಷ್ಟು ಷೇರು ಕೊಂಡರು. ತಮ್ಮ ಊರಿನ ಗಿರಣಿ, ತಮ್ಮ ಹೊಲದ ಕಡಲೆಕಾಯಿ, ತಮ್ಮ ಹಣ ಎಂಬ ಭಾವ ಅವರದು. ದೇಶ ವಿಭಜನೆಯ ಗಾಯ ಹಸಿಯಾಗಿದ್ದ ದಿನಗಳಲ್ಲಿ ಬಹುಪಾಲು ಹಿಂದೂಗಳಿದ್ದ ಊರಿನ ಜನ ಮುಸ್ಲಿಂ ಕುಟುಂಬವೊಂದರ ಕಂಪೆನಿಯಲ್ಲಿ ಪಾಲುದಾರರಾಗಿ ಉಳಿದರು. ಆ ಕುಟುಂಬವೂ ಈ ನೆಲದಲ್ಲೇ ಉಳಿಯಿತು. ಈ ಮಾತು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಬರುವುದಿಲ್ಲ. ಆದರೆ ಸಹಬಾಳ್ವೆ ಎಂಬುದು ಭಾಷಣಗಳಿಗಿಂತ ಹೆಚ್ಚಾಗಿ ಇಂಥ ವ್ಯವಹಾರದ ನಂಬಿಕೆಯಲ್ಲಿ ಬೆಳೆದಿದೆ.

1966ರ ಆಗಸ್ಟ್‌ನಲ್ಲಿ ಹಾಶಮ್ ಪ್ರೇಮ್‌ಜಿ ಹಠಾತ್ತನೆ ತೀರಿಕೊಂಡರು. ಮಗ ಅಜೀಂ ಪ್ರೇಮ್‌ಜಿಗೆ ಆಗ 21 ವರ್ಷ. ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವರು ಓದನ್ನು ಅರ್ಧಕ್ಕೆ ಬಿಟ್ಟು ಬಂದು ಕಂಪೆನಿಯ ಹೊಣೆ ಹೊತ್ತರು. ಅವರ ಮೊದಲ ವಾರ್ಷಿಕ ಮಹಾಸಭೆಯಲ್ಲಿ ಷೇರುದಾರರೊಬ್ಬರು ಎದ್ದು ನಿಂತು ಬಹಿರಂಗವಾಗಿ ಪ್ರಶ್ನಿಸಿದರು. ಅನುಭವವಿಲ್ಲದ ಹುಡುಗನಿಂದ ಈ ಕಂಪೆನಿ ನಡೆಯದು, ನಿಮ್ಮ ಕುಟುಂಬದ ಷೇರುಗಳನ್ನು ಮಾರಿ ನುರಿತವರ ಕೈಗೆ ಕಂಪೆನಿಯನ್ನು ಒಪ್ಪಿಸುವುದು ಲೇಸು ಎಂಬುದು ಅವರ ಸಲಹೆಯ ಸಾರ. ಆ ಮಾತು ತಮ್ಮ ಹಟವನ್ನು ಗಟ್ಟಿ ಮಾಡಿತೆಂದು ಪ್ರೇಮ್‌ಜಿಯವರೇ ಮುಂದೆ ಹಲವು ಭಾಷಣಗಳಲ್ಲಿ ನೆನೆದಿದ್ದಾರೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆ ಷೇರುದಾರರನ್ನು ನಗೆಪಾಟಲು ಮಾಡುತ್ತಾರೆ. ಅದು ನ್ಯಾಯವಲ್ಲ. 1965-66ರಲ್ಲಿ ದೇಶಕ್ಕೆ ಭೀಕರ ಬರ ಬಡಿದಿತ್ತು, ಎಣ್ಣೆಕಾಳಿನ ಬೆಳೆ ನೆಲಕಚ್ಚಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ ಡಾಲರ್‌ನ ಬೆಲೆ 4.76ರಿಂದ 7.50 ರೂಪಾಯಿಗೆ ಏರಿತ್ತು. ಅದರ ಬೆನ್ನಿಗೇ ಕಂಪೆನಿಯ ಯಜಮಾನರು ತೀರಿಕೊಂಡರು. ಇಂಥ ಹೊತ್ತಿನಲ್ಲಿ ತಾನು ಕೂಡಿಟ್ಟ ಹಣ ಏನಾದೀತು ಎಂದು ಕೇಳುವುದು ಒಡೆಯನೊಬ್ಬನ ಹಕ್ಕು. ಆತ ಕೇಳಿದ, ಸಭೆ ಕೇಳಿಸಿಕೊಂಡಿತು, ಯುವ ಮುಖ್ಯಸ್ಥ ಕೆಲಸದಿಂದ ಉತ್ತರ ಕೊಟ್ಟ. ಈ ಮೂರೂ ನಡೆದದ್ದರಿಂದಲೇ ಅಮಲ್ನೇರ್‌ನ ಕಥೆ ನೆಟ್ಟಗೆ ಸಾಗಿತು.

ಎಣ್ಣೆಯಿಂದ ಗಣಕಯಂತ್ರಕ್ಕೆ

ಮುಂದಿನ ತಿರುವು ಷೇರುದಾರರಿಗೆ ಇನ್ನೂ ಕಠಿಣವಾದ ಪರೀಕ್ಷೆ. 1970ರ ದಶಕದಲ್ಲಿ ಕಂಪೆನಿ ಬೆಂಗಳೂರಿನಲ್ಲಿ ಹೈಡ್ರಾಲಿಕ್ ಸಿಲಿಂಡರ್ ತಯಾರಿಕೆಗೆ ಇಳಿಯಿತು. 1973ರ ವಿದೇಶಿ ವಿನಿಮಯ ಕಾಯ್ದೆಯ ಷರತ್ತುಗಳಿಗೆ ಒಪ್ಪದೆ ಐಬಿಎಂ ಆ ದಶಕದ ಕೊನೆಯಲ್ಲಿ ಭಾರತ ಬಿಟ್ಟು ಹೋದಾಗ ತೆರವಾದ ಜಾಗಕ್ಕೆ ಈ ಎಣ್ಣೆ ಕಂಪೆನಿ ಕೈಹಾಕಿತು. 1980ರ ದಶಕದ ಆರಂಭದಲ್ಲಿ ಅದು ಗಣಕಯಂತ್ರ ತಯಾರಿಸತೊಡಗಿತು, ಹೆಸರು ವಿಪ್ರೊ ಎಂದಾಯಿತು. ಸಾಬೂನಿನ ವ್ಯವಹಾರವನ್ನೂ ಬಿಡಲಿಲ್ಲ. ಅಮಲ್ನೇರ್ ಮಾತ್ರವಲ್ಲ, ನಮ್ಮ ತುಮಕೂರಿನಲ್ಲೂ ಅದರ ಕಾರ್ಖಾನೆ ಎದ್ದಿತು. ವನಸ್ಪತಿಯನ್ನು ನಂಬಿ ಹಣ ಹಾಕಿದವನಿಗೆ ಗಣಕಯಂತ್ರ ಎಂದರೇನೆಂದು ತಿಳಿಯುವ ಬಗೆ ಹೇಗೆ? ಕೆಲವರು ಮಾರಿ ಹೊರಬಂದರು, ಕೆಲವರು ಮನೆಯ ಒಡವೆಯಂತೆ ಜೋಪಾನ ಮಾಡಿ ಮಕ್ಕಳಿಗೆ ದಾಟಿಸಿದರು.

ದಾಟಿಸಿದವರ ಲೆಕ್ಕವನ್ನು ನಾವೇ ಮಾಡಿ ನೋಡಬಹುದು. 1997ಕ್ಕೆ ಮುಂಚೆ 10 ರೂಪಾಯಿ ಮುಖಬೆಲೆಯ ಒಂದೇ ಒಂದು ಷೇರು ಇತ್ತೆಂದುಕೊಳ್ಳೋಣ. 1997ರ ಬೋನಸ್‌ನಿಂದ ಅದು 3 ಆಯಿತು. 1999ರಲ್ಲಿ ಮುಖಬೆಲೆ 2 ರೂಪಾಯಿಗೆ ಇಳಿದಾಗ 15. 2004ರಲ್ಲಿ 45, 2005ರಲ್ಲಿ 90, 2010ರಲ್ಲಿ 150, 2017ರಲ್ಲಿ 300, 2019ರಲ್ಲಿ 400, 2024ರ ಡಿಸೆಂಬರ್‌ನಲ್ಲಿ 800. ಒಂದು ಷೇರು ಎಂಟು ನೂರಾಯಿತು. ಅಮಲ್ನೇರ್‌ನ ಎಷ್ಟೋ ಮನೆಗಳ ಮದುವೆ, ಮಕ್ಕಳ ಓದು ಇದರಿಂದಲೇ ನಡೆಯಿತು ಎಂಬ ಮಾತು ಉತ್ಪ್ರೇಕ್ಷೆಯಲ್ಲ.

ಆದರೆ ಈ ಗುಣಾಕಾರ ಒಂದು ಸತ್ಯವನ್ನು ಮುಚ್ಚಿಡುತ್ತದೆ. ಬೋನಸ್ ಷೇರಿನ ಸಂಖ್ಯೆಯನ್ನು ಹೆಚ್ಚಿಸುತ್ತದೆ, ಅದರಷ್ಟಕ್ಕೇ ಸಂಪತ್ತನ್ನಲ್ಲ. ಒಂದು ತೆಂಗಿನಕಾಯಿಯನ್ನು ಎರಡು ಹೋಳು ಮಾಡಿದರೆ ಕಾಯಿ ಎರಡಾಗದು. ಸಂಪತ್ತು ಬಂದದ್ದು ದುಡಿಮೆಯಿಂದ, ಲಾಭದಿಂದ. ಇದನ್ನು ಮರೆತವರಿಗೆ ಪಾಠ ಬೇಗ ಸಿಕ್ಕಿತು. 2000ದ ಫೆಬ್ರವರಿಯಲ್ಲಿ, ಜಗತ್ತೆಲ್ಲ ತಂತ್ರಜ್ಞಾನದ ಹೆಸರಿಗೆ ಮರುಳಾಗಿದ್ದಾಗ, ವಿಪ್ರೊ ಷೇರಿನ ಬೆಲೆ 9,000 ರೂಪಾಯಿ ದಾಟಿತು. ಮರುವರ್ಷ ಅದು ಅದರ ಸಣ್ಣದೊಂದು ಭಾಗಕ್ಕೆ ಕುಸಿಯಿತು. ಕಂಪೆನಿ ಅದೇ, ಕೆಲಸಗಾರರು ಅವರೇ. ಮೊದಲಿನಿಂದ ಇದ್ದವನಿಗೆ ಅದು ಸಿರಿ, ಆ ಫೆಬ್ರವರಿಯಲ್ಲಿ ಸಾಲ ಮಾಡಿ ಕೊಂಡವನಿಗೆ ಬರೆ.

ಮತ್ತೆ ಅದೇ ಚರ್ಚೆ

ಮುಂದಿನ ಎರಡು ದಶಕಗಳಲ್ಲಿ ವಿಪ್ರೊ ದೊಡ್ಡದಾಯಿತು ನಿಜ, ಆದರೆ ಓಟದಲ್ಲಿ ಹಿಂದೆ ಬಿತ್ತು. ಟಿಸಿಎಸ್, ಇನ್ಫೋಸಿಸ್ ಮುಂದೆ ಸಾಗಿದವು, ಎಚ್‌ಸಿಎಲ್ ಕೂಡ ದಾಟಿಹೋಯಿತು. 2008ರಲ್ಲಿ ಇಬ್ಬರು ಜಂಟಿ ಮುಖ್ಯಸ್ಥರ ಪ್ರಯೋಗ ನಡೆಯಿತು, 2011ರಲ್ಲಿ ಅದನ್ನು ಕೈಬಿಡಲಾಯಿತು. 2011, 2016, 2020, 2024 ಹೀಗೆ ಮುಖ್ಯ ಕಾರ್ಯನಿರ್ವಾಹಕರು ಬದಲಾಗುತ್ತ ಬಂದರು. 2013ರಲ್ಲಿ ಸಾಬೂನು, ದೀಪ, ಹೈಡ್ರಾಲಿಕ್ ವ್ಯವಹಾರಗಳು ಬೇರ್ಪಟ್ಟು ಷೇರುಪೇಟೆಯ ಹೊರಗಿನ ಪ್ರತ್ಯೇಕ ಕಂಪೆನಿಯಾದವು. ಅಮಲ್ನೇರ್‌ನ ಹಳೆಯ ಷೇರುದಾರ ಯಾವ ಗಿರಣಿಯನ್ನು ನಂಬಿ ಹಣ ಹಾಕಿದ್ದನೋ ಅದೇ ಅವನ ಷೇರಿನಿಂದ ಹೊರಗೆ ಹೋಯಿತು. ಪೇಟೆಯಲ್ಲಿ ಮಾರಲಾಗದ ಹೊಸ ಷೇರು ಇಟ್ಟುಕೊಳ್ಳುವುದೋ, ಹಣಕ್ಕೆ ಬದಲಾಗುವ ಆದ್ಯತಾ ಷೇರು ಪಡೆಯುವುದೋ, ವಿಪ್ರೊ ಷೇರನ್ನೇ ಹೆಚ್ಚಿಸಿಕೊಳ್ಳುವುದೋ ಎಂಬ ಆಯ್ಕೆ ಅವನ ಮುಂದಿತ್ತು. 2021ರ ಅಕ್ಟೋಬರ್‌ನಲ್ಲಿ 700 ರೂಪಾಯಿ ದಾಟಿದ್ದ ಷೇರು 2022ರ ಕೊನೆಗೆ 400ರ ಕೆಳಗಿತ್ತು. 2023-24ರಲ್ಲಿ ಕಂಪೆನಿಯ ವರಮಾನವೇ ಕೊಂಚ ಇಳಿಯಿತು. 1966ರ ಪ್ರಶ್ನೆ ಮತ್ತೆ ಎದ್ದು ನಿಂತಿತು: ಇದು ಚೇತರಿಸಿಕೊಳ್ಳುವ ಕಂಪೆನಿಯೋ, ಇಳಿಜಾರಿನ ಕಂಪೆನಿಯೋ?

ಈ ಪ್ರಶ್ನೆ ಷೇರು ಹೊಂದಿದವರದು ಮಾತ್ರವಲ್ಲ. 2019ರ ವೇಳೆಗೆ ವಿಪ್ರೊ ಒಡೆತನದ ಶೇಕಡಾ 67ರಷ್ಟರ ಫಲವನ್ನು ಪ್ರೇಮ್‌ಜಿಯವರು ತಮ್ಮ ಪ್ರತಿಷ್ಠಾನಕ್ಕೆ ಮೀಸಲಿಟ್ಟಿದ್ದರು. ಮೂಲವನ್ನು ಮುಟ್ಟದೆ ಅದರ ಉತ್ಪತ್ತಿಯನ್ನು ಜನಹಿತಕ್ಕೆ ವ್ಯಯಿಸುವ ವಕ್ಫ್‌ನ ಕಲ್ಪನೆ ನಮಗೆ ಇಲ್ಲಿ ನೆನಪಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರದೊಂದಿಗಾದ ಒಪ್ಪಂದದಂತೆ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಎರಡು ದಿನದ ಬದಲು ಆರು ದಿನ ಮೊಟ್ಟೆ ಸಿಗುವಂತಾಯಿತು, ಹೆಚ್ಚುವರಿ ನಾಲ್ಕು ದಿನದ ವೆಚ್ಚ ಆ ಪ್ರತಿಷ್ಠಾನದ್ದು. ಕಂಪೆನಿಯ ಏಳುಬೀಳು ಹೀಗೆ ಷೇರು ಎಂಬ ಪದವನ್ನೇ ಕೇಳದ ಮಕ್ಕಳ ತಟ್ಟೆಗೂ ಸಂಬಂಧಿಸಿದೆ.

ಕೇಳದಿದ್ದರೆ ಏನಾಗುತ್ತದೆ?

ಕಾದವರೆಲ್ಲ ಗೆಲ್ಲುತ್ತಾರೆಯೇ? ನಮ್ಮ ಜಿಲ್ಲೆಯ ಎಚ್‌ಎಂಟಿಯನ್ನೇ ನೋಡೋಣ. 1978ರಲ್ಲಿ ತುಮಕೂರಿನಲ್ಲಿ ಅದರ ಕೈಗಡಿಯಾರ ಕಾರ್ಖಾನೆ ತೆರೆದಾಗ ಜಿಲ್ಲೆಯೇ ಬೀಗಿತು. ಮದುಮಗನ ಕೈಗೆ ಎಚ್‌ಎಂಟಿ ಗಡಿಯಾರ ಕಟ್ಟದ ಮದುವೆ ಇರಲಿಲ್ಲ. 1980ರ ದಶಕದ ಕೊನೆಯಲ್ಲಿ ಟೈಟನ್ ಹೊಸ ವಿನ್ಯಾಸದ ಕ್ವಾರ್ಟ್ಜ್ ಗಡಿಯಾರಗಳೊಂದಿಗೆ ಬಂದಾಗ ಎಚ್‌ಎಂಟಿ ಕೀಲಿ ಕೊಡುವ ಗಡಿಯಾರವನ್ನೇ ನೆಚ್ಚಿ ಕುಳಿತಿತ್ತು. ಕಂಪೆನಿಯ ಬಹುಪಾಲು ಷೇರು ಸರ್ಕಾರದ್ದು. ಅಳಿದುಳಿದ ಚೂರು ಹಿಡಿದ ಜನರ ಮಾತಿಗಾಗಲಿ, ಕಾರ್ಮಿಕರ ಅಳಲಿಗಾಗಲಿ ತೂಕವಿರಲಿಲ್ಲ. ವರ್ಷ ವರ್ಷವೂ ನಷ್ಟ ತುಂಬಿಕೊಡಲಾಯಿತು, ರೋಗವನ್ನು ಮಾತ್ರ ಕೇಳಲಿಲ್ಲ. 2016ರ ಜನವರಿಯಲ್ಲಿ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಹೈದರಾಬಾದಿನ ಸತ್ಯಂ ಕಂಪೆನಿಯದು ಬೇರೆ ಬಗೆ. 2008ರ ಡಿಸೆಂಬರ್ 16ರಂದು ಅದರ ಮುಖ್ಯಸ್ಥರು ತಮ್ಮ ಕುಟುಂಬದ ಮೇಟಾಸ್ ಕಂಪೆನಿಗಳನ್ನು ಸತ್ಯಂ ಹಣದಿಂದ ಕೊಳ್ಳುವುದಾಗಿ ಸಾರಿದರು. ಷೇರುದಾರರು ಸಿಡಿದೆದ್ದರು, ಕೆಲವೇ ಗಂಟೆಗಳಲ್ಲಿ ಆ ವ್ಯವಹಾರ ರದ್ದಾಯಿತು. ಮೂರೇ ವಾರದಲ್ಲಿ, 2009ರ ಜನವರಿ 7ರಂದು, ಲೆಕ್ಕದಲ್ಲಿರುವ 5,000 ಕೋಟಿಗೂ ಮಿಕ್ಕ ನಗದು ಸುಳ್ಳು ಎಂಬುದು ಅವರ ತಪ್ಪೊಪ್ಪಿಗೆಯಿಂದಲೇ ಹೊರಬಿತ್ತು. 180 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಒಂದೇ ದಿನದಲ್ಲಿ 40ಕ್ಕೆ ಕುಸಿಯಿತು. ಷೇರುದಾರರ ಆ ಒಂದು ದಿನದ ಕೂಗು ಇರದಿದ್ದರೆ ಸುಳ್ಳು ಇನ್ನೆಷ್ಟು ವರ್ಷ ಮುಚ್ಚಿರುತ್ತಿತ್ತೋ.

ಮೂರನೆಯದು ನಮ್ಮ ಸಮುದಾಯದ ಎದೆಗೇ ಬಿದ್ದ ಪೆಟ್ಟು. ಬೆಂಗಳೂರಿನ ಐಎಂಎ ತಂತ್ರಜ್ಞಾನದ ಕಂಪೆನಿಯಲ್ಲ, ಆದರೆ ಪಾಠ ಇದಕ್ಕೇ ಸೇರಿದ್ದು. ಬಡ್ಡಿ ಹರಾಮ್ ಎಂದು ಬ್ಯಾಂಕಿನಿಂದ ದೂರವಿದ್ದ ಹತ್ತಾರು ಸಾವಿರ ಕುಟುಂಬಗಳು ಹಲಾಲ್ ಲಾಭ ಎಂಬ ಮಾತು ನಂಬಿ ಹಣ ಹಾಕಿದವು. ಹೂಡಿಕೆದಾರರನ್ನು ಪಾಲುದಾರರು ಎಂದೇ ಕರೆಯಲಾಗಿತ್ತು. ವಿಧವೆಯರ ಒಡವೆ, ನಿವೃತ್ತರ ಪಿಂಚಣಿ, ಗಲ್ಫ್‌ನಲ್ಲಿ ಬೆವರು ಸುರಿಸಿದವರ ಗಳಿಕೆ ಅದರಲ್ಲಿತ್ತು. 2019ರ ಜೂನ್‌ನಲ್ಲಿ ಮುಖ್ಯಸ್ಥ ದುಬೈಗೆ ಪರಾರಿಯಾದಾಗ ಶಿವಾಜಿನಗರದ ಅಂಗಡಿಯ ಮುಂದೆ ನೆರೆದ ಜನರ ಕೈಯಲ್ಲಿದ್ದದ್ದು ಬರಿಯ ಕಾಗದ. ತಿಂಗಳು ತಿಂಗಳೂ ಹಣ ಬರುತ್ತಿದ್ದಷ್ಟು ದಿನ ಯಾವ ವ್ಯಾಪಾರದಿಂದ ಇಷ್ಟು ಲಾಭ ಎಂದು ಕೇಳಿದವರು ಕಡಿಮೆ. ಕೇಳಿದವರನ್ನು ಹೊಟ್ಟೆಕಿಚ್ಚಿನವರು ಎಂದು ಜರೆದವರು ಹೆಚ್ಚು. ಪಾಲುದಾರರಿದ್ದರು, ಮಹಾಸಭೆ ಇರಲಿಲ್ಲ.

ರಾಶಿಯೊಳಗೆ ಕೈ

ಪಾಲುದಾರಿಕೆ ಇಸ್ಲಾಮಿಗೆ ಹೊಸದಲ್ಲ. ಪ್ರವಾದಿ ಮುಹಮ್ಮದ್(ಸ) ಹಝ್ರತ್ ಖದೀಜಾ(ರ)ರ ಬಂಡವಾಳದಿಂದ ಸಿರಿಯಾಕ್ಕೆ ವ್ಯಾಪಾರಕ್ಕೆ ಹೋದದ್ದು ಪ್ರಸಿದ್ಧ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ, ಲಾಭದಲ್ಲಿ ಇಬ್ಬರಿಗೂ ಪಾಲು. ಇದೇ ಮುದಾರಬ. ನಷ್ಟವಾದರೆ ಹಣ ಹಾಕಿದವನು ಹಣ ಕಳೆದುಕೊಳ್ಳುತ್ತಾನೆ, ದುಡಿದವನು ಶ್ರಮ ಕಳೆದುಕೊಳ್ಳುತ್ತಾನೆ. ಆದ್ದರಿಂದ ತಿಂಗಳಿಗೆ ಇಷ್ಟು ಖಚಿತ ಎಂಬ ಭರವಸೆ ಕೇಳಿದಾಗಲೇ ನಮ್ಮ ಕಿವಿ ನಿಮಿರಬೇಕಿತ್ತು. ಕುರ್‌ಆನ್‌ನ ಅತಿ ದೀರ್ಘ ವಚನ, ಅಲ್‌ಬಖರಾ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವುದರ ಕುರಿತಾದದ್ದು ಎಂಬುದನ್ನೂ ನೆನೆಯಬೇಕು. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟು ನೋಡಿದ, ಒಳಗಿನ ಒದ್ದೆ ಕೈಗೆ ತಾಗಿದಾಗ ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವರ್ತಕನನ್ನು ಎಚ್ಚರಿಸಿದ ಪ್ರಸಂಗ ಹದೀಸ್‌ನಲ್ಲಿದೆ. ನಂಬಿಕೆ ಎಂದರೆ ಕಣ್ಣು ಮುಚ್ಚುವುದಲ್ಲ, ಕೈಯಿಟ್ಟು ನೋಡುವುದು.

ನಮ್ಮ ಕಾನೂನು ಈ ಕೈಗೆ ಒಂದಿಷ್ಟು ಬಲ ಕೊಟ್ಟಿದೆ. 2013ರ ಕಂಪೆನಿ ಕಾಯ್ದೆಯ 151ನೇ ಕಲಮಿನಂತೆ ಷೇರುಪೇಟೆಯಲ್ಲಿರುವ ಕಂಪೆನಿಯ ಸಣ್ಣ ಷೇರುದಾರರು ತಮ್ಮದೇ ಒಬ್ಬ ನಿರ್ದೇಶಕರನ್ನು ಆರಿಸಬಹುದು. ಒಟ್ಟು 20,000 ರೂಪಾಯಿ ಮೀರದ ಮುಖಬೆಲೆಯ ಷೇರು ಹೊಂದಿದವರು ಸಣ್ಣ ಷೇರುದಾರರು. ಅವರಲ್ಲಿ 1,000 ಮಂದಿ ಅಥವಾ ಹತ್ತನೇ ಒಂದು ಪಾಲು, ಯಾವುದು ಕಡಿಮೆಯೋ ಅಷ್ಟು ಜನ, ಸೇರಿ ಬೇಡಿಕೆ ಸಲ್ಲಿಸಬಹುದು. 245ನೇ ಕಲಮಿನಂತೆ ಒಟ್ಟಾಗಿ ನ್ಯಾಯಮಂಡಳಿಯ ಮೊರೆ ಹೋಗಬಹುದು. 2020ರ ಬಳಿಕ ಮಹಾಸಭೆಗಳು ಅಂತರ್ಜಾಲದಲ್ಲೂ ನಡೆಯತೊಡಗಿದ್ದರಿಂದ ಹಳ್ಳಿಯಲ್ಲಿ ಕುಳಿತೇ ಪ್ರಶ್ನೆ ಕೇಳುವುದು ಸಾಧ್ಯವಾಗಿದೆ. ಈ ಹಕ್ಕುಗಳನ್ನು ಬಳಸುವವರು ವಿರಳ. ನಾಳೆ ಬೆಲೆ ಏರೀತೇ ಎಂದು ಕೇಳುವವರೇ ಎಲ್ಲೆಡೆ. ಕಂಪೆನಿ ಏನು ಮಾಡುತ್ತದೆ, ಯಾರಿಗೆ ಮಾಡುತ್ತದೆ, ಲಾಭ ಕಾಗದದಲ್ಲಿದೆಯೋ ಕೈಯಲ್ಲಿದೆಯೋ ಎಂದು ವಿಚಾರಿಸುವವರು ಎಲ್ಲೋ ಒಬ್ಬರು.

ವಿಪ್ರೊ ಮುಂದೆ ಏರುತ್ತದೆಯೋ ಇಳಿಯುತ್ತದೆಯೋ ಎಂದು ಭವಿಷ್ಯ ನುಡಿಯುವುದು ನಮ್ಮ ಕೆಲಸವಲ್ಲ. ಲೆಕ್ಕ ತೆರೆದಿರುವಲ್ಲಿ, ಪ್ರಶ್ನೆಗೆ ಉತ್ತರ ಸಿಗುವಲ್ಲಿ ಕಾಯುವುದು ವಿವೇಕ. ಲೆಕ್ಕ ಮುಚ್ಚಿರುವಲ್ಲಿ ಕಾಯುವುದು ಜೂಜು, ಅದಕ್ಕೆ ಹಲಾಲ್ ಎಂಬ ಹೆಸರಿಟ್ಟರೂ ಅಷ್ಟೆ, ಸರ್ಕಾರ ಎಂಬ ಹೆಸರಿಟ್ಟರೂ ಅಷ್ಟೆ. ಅಮಲ್ನೇರ್‌ನ ಆ ಸಭೆಯಲ್ಲಿ ಎದ್ದು ನಿಂತವರ ಊಹೆ ಸುಳ್ಳಾಯಿತು. ಆದರೆ ಅವರು ಎದ್ದು ನಿಂತದ್ದು ಸರಿಯಾಗಿತ್ತು. ಪಾಲು ಎಷ್ಟೇ ಚಿಕ್ಕದಿರಲಿ, ಅದರ ಲೆಕ್ಕ ಕೇಳುವುದು ಪಾಲುದಾರನ ಹಕ್ಕು ಮಾತ್ರವಲ್ಲ, ಅವನ ಕರ್ತವ್ಯವೂ ಹೌದು.